ಕಾಲು ಎಲ್ಲಿತ್ತು?

ಕಾರು ತಾನಾಗಿಯೇ ನುಗ್ಗಿತು ಅಂತ ಯಾರಾದರೂ ಹೇಳಿದರೆ ಕೇಳುವವರ ಮುಖದಲ್ಲಿ ಒಂದು ಸಣ್ಣ ನಗು ಬರುತ್ತದೆ. ಹೇಳಿದವರು ಅರವತ್ತು ದಾಟಿದ ಹೆಂಗಸಾದರೆ ಆ ನಗು ಇನ್ನೂ ಬೇಗ ಬರುತ್ತದೆ. ನಮ್ಮತ್ತೆಗೆ ಆದದ್ದು ಇದೇ. ನಾನು ಪಕ್ಕದ ಸೀಟಿನಲ್ಲೇ ಕೂತಿದ್ದೆ.

ಹೆದ್ದಾರಿಯಲ್ಲಿ ಮುಂದಿದ್ದ ಲಾರಿಯನ್ನು ದಾಟಲು ಅತ್ತೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು. ಲಾರಿ ಹಿಂದೆ ಬಿತ್ತು. ಎಂಜಿನ್ ಸದ್ದು ಮಾತ್ರ ಇಳಿಯಲಿಲ್ಲ. 'ಇದು ನಿಲ್ತಾ ಇಲ್ಲ ಕಣೋ' ಅಂದರು. ದನಿಯಲ್ಲಿ ಗಾಬರಿಗಿಂತ ಸಿಟ್ಟೇ ಜಾಸ್ತಿ ಇತ್ತು.

ಬಗ್ಗಿ ನೋಡಿದೆ. ಅವರ ಬಲಗಾಲು ಬ್ರೇಕಿನ ಮೇಲಿತ್ತು. ಪಕ್ಕದಲ್ಲಿ ಆಕ್ಸಿಲರೇಟರ್ ಪೆಡಲ್ ಮೇಲೆ ಬರದೆ ಕೆಳಗೇ ಕೂತಿತ್ತು. ಹಳೆ ಮ್ಯಾಟಿನ ಮೇಲೆ ಹಾಸಿದ್ದ ದಪ್ಪ ರಬ್ಬರ್ ಮ್ಯಾಟ್ ಮುಂದಕ್ಕೆ ಜಾರಿ, ಅದರ ಉಬ್ಬಿದ ಅಂಚಿಗೆ ಪೆಡಲಿನ ತುದಿ ಸಿಕ್ಕಿಕೊಂಡಿತ್ತು. ಅದು ಬೇರೆ ಮಾಡೆಲ್ ಕಾರಿನ ಮ್ಯಾಟ್, ಕೊಕ್ಕೆಗೂ ಸಿಕ್ಕಿಸಿರಲಿಲ್ಲ.

ಮೊದಲ ಸಲ ಬ್ರೇಕ್ ಒತ್ತಿದಾಗ ವೇಗ ಇಳಿಯಿತು. ಅತ್ತೆ ಕಾಲು ಸಡಿಲಿಸಿ ಮತ್ತೆ ಒತ್ತಿದರು, ಮತ್ತೂ ಒಮ್ಮೆ. ಅಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಇದಕ್ಕೆ ಕಾರಣ ಇದೆ. ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎಂಜಿನ್ನಿನ ನಿರ್ವಾತವನ್ನು ನಂಬಿಕೊಂಡಿರುತ್ತದೆ. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಪೂರ್ತಿ ತೆರೆದಿದ್ದಾಗ ಆ ನಿರ್ವಾತ ಹುಟ್ಟುವುದೇ ಇಲ್ಲ. ಉಳಿದಿದ್ದು ಒಂದೆರಡು ಸಲ ಒತ್ತುವಷ್ಟರಲ್ಲಿ ಖಾಲಿ. ಹಾಗಾಗಿ ಬ್ರೇಕನ್ನು ಒಂದೇ ಸಲ ಜೋರಾಗಿ ಒತ್ತಿ, ಬಿಡದೆ ಹಿಡಿದಿರಬೇಕು. ಆದರೆ ಕಾರು ಜಾರುತ್ತಿದೆ ಅನಿಸಿದಾಗ ಒತ್ತಿ ಬಿಟ್ಟು ಒತ್ತುವುದೇ ಹಳಬರಿಗೆ ಇರುವ ಅಭ್ಯಾಸ.

ಆಮೇಲೆ ಅತ್ತೆ ಗೇರ್ ಲಿವರನ್ನು ನ್ಯೂಟ್ರಲ್‌ಗೆ ತಳ್ಳಿದರು. ಎಂಜಿನ್ನಿಗೂ ಚಕ್ರಗಳಿಗೂ ಇದ್ದ ನಂಟು ತಪ್ಪಿತು. ಎಂಜಿನ್ ಕಿರುಚಿಕೊಂಡಿತು, ಕಾರು ಮಾತ್ರ ನಿಧಾನವಾಗಿ ರಸ್ತೆ ಬದಿಗೆ ಬಂದು ನಿಂತಿತು.

ಅಸಲಿ ಕಥೆ ಶುರುವಾದದ್ದು ಸರ್ವಿಸ್ ಸೆಂಟರಿನಲ್ಲಿ. ಅಲ್ಲಿನ ಹುಡುಗ ಮೊದಲು ಮಾಡಿದ ಕೆಲಸವೇ ಮ್ಯಾಟನ್ನು ಎಳೆದು ಹೊರಗೆ ಹಾಕಿದ್ದು. ಆಮೇಲೆ ಪೆಡಲ್ ಒತ್ತಿ ಬಿಟ್ಟು, 'ಎಲ್ಲಾ ಸರಿ ಇದೆಯಲ್ಲ ಮೇಡಂ' ಅಂದ. ಸರಿ ಇರದೆ ಏನಾಗುತ್ತೆ, ಸಾಕ್ಷಿಯನ್ನೇ ಎತ್ತಿ ಆಚೆ ಇಟ್ಟ ಮೇಲೆ! ಕಂಪ್ಯೂಟರ್ ಜೋಡಿಸಿ ನೋಡಿದರು. ದೋಷ ತೋರಿಸುವ ಯಾವ ಕೋಡೂ ಇಲ್ಲ. ಇರೋಕೂ ಸಾಧ್ಯವಿಲ್ಲ. ಪೆಡಲ್ ಪೂರ್ತಿ ಒತ್ತಿದೆ ಅನ್ನುವುದಷ್ಟೇ ಸೆನ್ಸರಿಗೆ ಗೊತ್ತು. ಒತ್ತಿದ್ದು ಕಾಲೋ ರಬ್ಬರೋ ಅದಕ್ಕೆ ಹೇಗೆ ತಿಳಿಯಬೇಕು? ಅವತ್ತು ನಾವು ಎಲ್ಲಾದರೂ ಗುದ್ದಿದ್ದರೆ ಕಾರಿನ ಕಂಪ್ಯೂಟರಿನ ದಾಖಲೆಯಲ್ಲೂ ಆಕ್ಸಿಲರೇಟರ್ ಪೂರ್ತಿ ಒತ್ತಿದೆ ಅಂತಲೇ ಇರುತ್ತಿತ್ತು.

ಮನೆಯಲ್ಲೂ ಅದೇ ವಿಚಾರಣೆ. 'ಕಾಲು ಎಲ್ಲಿತ್ತು, ಸರಿಯಾಗಿ ನೆನಪು ಮಾಡ್ಕೋ' ಅಂತ ಚಿಕ್ಕಪ್ಪ. ನಾನು ಕಣ್ಣಾರೆ ಕಂಡೆ ಅಂದರೆ, 'ನೀನೂ ಹೆದರಿದ್ದೆ ಬಿಡು' ಅಂದರು.

ಈ ಅನುಮಾನ ಸುಮ್ನೆ ಹುಟ್ಟಿದ್ದಲ್ಲ ಅನ್ನುವುದನ್ನೂ ಹೇಳಬೇಕು. ಅಮೆರಿಕದಲ್ಲಿ 1986ರಲ್ಲಿ ಒಂದು ಟಿವಿ ಕಾರ್ಯಕ್ರಮ ಆಡಿ ಕಂಪನಿಯ '5000' ಅನ್ನುವ ಮಾಡೆಲ್ ಕಾರು ತಾನಾಗಿಯೇ ನುಗ್ಗುತ್ತದೆ ಅಂತ ತೋರಿಸಿತು. ಪೆಡಲ್ ತಾನೇ ಇಳಿಯುವ ಹಾಗೆ ಕಾಣಲು ಆ ಕಾರಿನಲ್ಲಿ ಬೇರೆ ಏರ್ಪಾಡು ಮಾಡಿದ್ದರು. 1989ರಲ್ಲಿ ಅಲ್ಲಿನ ಸರ್ಕಾರಿ ತನಿಖೆ, ಇಂಥ ಹೆಚ್ಚಿನ ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದಿದ್ದಾರೆ ಅಂದಿತು. ಅಷ್ಟರಲ್ಲಿ ಆಡಿಯ ವ್ಯಾಪಾರ ಕುಸಿಯತೊಡಗಿತ್ತು. 1985ರಲ್ಲಿ ಅಲ್ಲಿ ಸುಮಾರು 74 ಸಾವಿರ ಕಾರು ಮಾರಿದ್ದ ಕಂಪನಿ 1991ರ ಹೊತ್ತಿಗೆ 12 ಸಾವಿರಕ್ಕೆ ಇಳಿಯಿತು. ಜಪಾನಿನಲ್ಲಿ 2019ರಲ್ಲಿ 87 ವರ್ಷದವರೊಬ್ಬರ ಕಾರು ನುಗ್ಗಿ ತಾಯಿ, ಮಗಳು ಸತ್ತರು. ಕಾರಿನದೇ ದೋಷ ಅಂತ ಅವರು ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಇಂಥವರೆಲ್ಲ ಸುಳ್ಳು ಹೇಳುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಕಾಲು ಎಲ್ಲಿದೆ ಅಂತ ನಾವ್ಯಾರೂ ನೋಡಿಕೊಂಡು ಓಡಿಸುವುದಿಲ್ಲ. ತುಳಿಯುತ್ತಿರುವುದು ಬ್ರೇಕೇ ಅಂತ ನಂಬಿದವರು ಕಾರು ನಿಲ್ಲದಿದ್ದರೆ ಇನ್ನೂ ಜೋರಾಗಿ ತುಳಿಯುತ್ತಾರೆ, ಅಲ್ವಾ?

ಹಾಗಂತ ಎಲ್ಲರನ್ನೂ ಅದೇ ಸಾಲಿಗೆ ನಿಲ್ಲಿಸಿದರೆ ಹೇಗೆ? 2009ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯಾಗೋ ಹತ್ತಿರ ಟೊಯೋಟಾ ಕಂಪನಿಯ ಒಂದು ಲೆಕ್ಸಸ್ ಕಾರು ಹಿಡಿತ ತಪ್ಪಿ ನಾಲ್ವರು ಸತ್ತರು. ಓಡಿಸುತ್ತಿದ್ದವರು ಹೆದ್ದಾರಿ ಗಸ್ತಿನ ಪೊಲೀಸ್ ಅಧಿಕಾರಿ. ಡೀಲರ್ ತಾತ್ಕಾಲಿಕವಾಗಿ ಕೊಟ್ಟಿದ್ದ ಆ ಕಾರಿನಲ್ಲಿ ಬೇರೆ ಮಾಡೆಲ್‌ನ ಮ್ಯಾಟ್ ಇತ್ತು. ಅದಕ್ಕೂ ಮುಂಚೆ ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬ ಗ್ರಾಹಕರಿಗೂ ಪೆಡಲ್ ಸಿಕ್ಕಿಹಾಕಿಕೊಂಡಿತ್ತು, ಅವರು ಅದನ್ನು ಹೇಳಿಯೂ ಇದ್ದರು. ನಾಸಾ ಎಂಜಿನಿಯರುಗಳು ಟೊಯೋಟಾ ಎಲೆಕ್ಟ್ರಾನಿಕ್ಸ್ ಪರೀಕ್ಷಿಸಿದಾಗ ಹೀಗೆ ನುಗ್ಗಿಸುವ ದೋಷ ಸಿಗಲಿಲ್ಲ ಅಂತ 2011ರಲ್ಲಿ ವರದಿ ಬಂತು. ಅದನ್ನೇ ಹಿಡಿದು 'ನೋಡಿ, ಎಲ್ಲಾ ಕಟ್ಟುಕಥೆ' ಅನ್ನುವವರು ಮ್ಯಾಟು ಮತ್ತು ಅಂಟಿಕೊಳ್ಳುವ ಪೆಡಲಿಗಾಗಿ ಲಕ್ಷಗಟ್ಟಲೆ ಕಾರು ವಾಪಸ್ ಕರೆಸಿದ್ದನ್ನು ಮರೆಯುತ್ತಾರೆ. ಆ ದೋಷಗಳ ಬಗ್ಗೆ ಜನರ ದಾರಿ ತಪ್ಪಿಸಿದ್ದಕ್ಕೆ ಟೊಯೋಟಾ 2014ರಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು.

ನನ್ನ ತಕರಾರು ಅನುಮಾನದ ಮೇಲಲ್ಲ. ಅದು ಬರುವ ಹೊತ್ತಿನ ಮೇಲೆ. ಬಗ್ಗಿ ಪೆಡಲ್ ಕೆಳಗೆ ನೋಡುವ ಮೊದಲೇ ತೀರ್ಪು ಬಂದಿರುತ್ತದೆ.

ಅತ್ತೆ ಯಾರ ಜೊತೆಯೂ ವಾದ ಮಾಡಲಿಲ್ಲ. ಮುಂದಿನ ಭಾನುವಾರ ಚಿಕ್ಕಪ್ಪನನ್ನು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ ಸ್ಟೀರಿಂಗ್ ಕೊಟ್ಟರು. ಕಾರು ಓಡುತ್ತಿರುವಾಗಲೇ ನ್ಯೂಟ್ರಲ್‌ಗೆ ಹಾಕು ಅಂದರು. ಚಿಕ್ಕಪ್ಪನ ಕೈ ಲಿವರ್ ಮೇಲೇ ನಿಂತಿತು. 'ಎಂಜಿನ್ ಸಿಡಿದು ಹೋಗುತ್ತೆ ಅಕ್ಕ' ಅಂದರು. ಈಗಿನ ಎಂಜಿನ್ ಮಿತಿ ಮೀರಿ ತಿರುಗದಂತೆ ಕಂಪ್ಯೂಟರೇ ತಡೆಯುತ್ತದೆ ಅಂತ ನಾನು ಹಿಂದಿನ ಸೀಟಿನಿಂದ ಹೇಳಿದೆ. ನಂಬಲಿಲ್ಲ. ಕೊನೆಗೆ ಅತ್ತೆಯೇ ಕೈ ಚಾಚಿ ಲಿವರನ್ನು ತಳ್ಳಿದರು.