ಸೀಟು 40, ಹೆಸರು 42

ತರಬೇತಿ ಕೋರ್ಸುಗಳಿಗೆ ಹೆಸರು ನೋಂದಾಯಿಸುವ ಒಂದು ಅಪ್ಲಿಕೇಶನ್ ನಮ್ಮ ತಂಡದ ಕೈಯಲ್ಲಿತ್ತು. ಒಂದು ಕೋರ್ಸಿಗೆ 40 ಸೀಟು. ನೋಂದಣಿ ತೆರೆದ ಕೆಲವೇ ನಿಮಿಷಕ್ಕೆ ಎಲ್ಲ ತುಂಬಿತು. ಮರುದಿನ ಪಟ್ಟಿ ತೆಗೆದರೆ ಅದರಲ್ಲಿ 42 ಹೆಸರು. ಅಷ್ಟೂ ಜನಕ್ಕೆ 'ನಿಮ್ಮ ಸೀಟು ಖಚಿತವಾಗಿದೆ' ಅಂತ ಮೇಲ್ ಹೋಗಿತ್ತು. ಕೊನೆಯ ಇಬ್ಬರಿಗೆ ಫೋನ್ ಮಾಡಿ ಸೀಟಿಲ್ಲ ಅಂತ ಹೇಳಬೇಕಾಯಿತು. ಆ ಕೋಡ್ ಬರೆದವನು ನಾನು, ಹಾಗಾಗಿ ಫೋನನ್ನೂ ನಾನೇ ಮಾಡಿದೆ. ಒಬ್ಬರು ಆಗಲೇ ಕೆಲಸಕ್ಕೆ ರಜೆ ಹಾಕಿದ್ದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ತಲೆ ಕೆಡಿಸಿದ್ದು ಇನ್ನೊಂದು ವಿಷಯ. ಕೋರ್ಸ್ ಟೇಬಲ್‌ನ 'ಉಳಿದ ಸೀಟು' ಕಾಲಂನಲ್ಲಿ 0 ಇತ್ತು. ಮೈನಸ್ 2 ಇರಬೇಕಿತ್ತು ಅಲ್ವಾ? ಸೊನ್ನೆಗಿಂತ ಕೆಳಗೆ ಹೋಗಬಾರದು ಅಂತ ಆ ಕಾಲಂಗೆ ಚೆಕ್ ಕನ್‌ಸ್ಟ್ರೇಂಟ್ ಕೂಡ ಹಾಕಿದ್ದೆ. ಅದು ತಡೆಯುವಂಥದ್ದೇನೂ ನಡೆದೇ ಇರಲಿಲ್ಲ.

ನನ್ನ ಕೋಡ್ ಮಾಡುತ್ತಿದ್ದದ್ದು ಇಷ್ಟೇ. ಕೋರ್ಸಿನ ಸಾಲನ್ನು ಡೇಟಾಬೇಸ್‌ನಿಂದ ಓದು. ಸೀಟು ಸೊನ್ನೆಗಿಂತ ಜಾಸ್ತಿ ಇದೆಯಾ ನೋಡು. ಇದ್ದರೆ ಒಂದು ಕಳೆ, ಸೇವ್ ಮಾಡು, ನೋಂದಣಿ ಟೇಬಲ್‌ಗೆ ಹೆಸರು ಸೇರಿಸು. ನಾವು ಬಳಸುತ್ತಿದ್ದದ್ದು ಜಾವಾ ಭಾಷೆ, ಟೇಬಲ್‌ನ ಸಾಲುಗಳನ್ನು ಜಾವಾ ಆಬ್ಜೆಕ್ಟ್‌ಗಳಾಗಿ ಕೊಡುವ ಹೈಬರ್ನೇಟ್, ಅವುಗಳ ಹಿಂದೆ ಡೇಟಾಬೇಸ್ ಆಗಿ ಪೋಸ್ಟ್‌ಗ್ರೆಸ್. ಹೈಬರ್ನೇಟ್‌ನಂಥ ಸಾಧನ ಇದ್ದಾಗ ಟೇಬಲ್‌ನ ಸಾಲು ಒಂದು ಮಾಮೂಲಿ ಆಬ್ಜೆಕ್ಟ್ ಥರ ಕಾಣುತ್ತದೆ. ನಮ್ಮ ಕೈಯಲ್ಲಿರುವುದು ಓದಿದ ಕ್ಷಣದ ನಕಲು ಅನ್ನುವುದು ಮರೆತೇ ಹೋಗುತ್ತದೆ.

ಇಬ್ಬರು ಒಂದೇ ಕ್ಷಣಕ್ಕೆ ಬಂದರು ಅಂದುಕೊಳ್ಳಿ. ಇಬ್ಬರ ರಿಕ್ವೆಸ್ಟೂ 17 ಅಂತ ಓದುತ್ತವೆ. ಇಬ್ಬರದ್ದೂ ಒಂದು ಕಳೆದು 16 ಅಂತ ಬರೆಯುತ್ತವೆ. ಹೆಸರು ಎರಡು ಸೇರಿತು, ಸೀಟು ಒಂದೇ ಕಡಿಮೆಯಾಯಿತು. ಕೊನೆಯ ಸೀಟಿಗೇ ಹೀಗಾಗಬೇಕು ಅಂತಿಲ್ಲ. ನಡುವೆ ಎಲ್ಲೋ ಎರಡು ಸಲ ಹೀಗಾದರೆ ಸಾಕು, 40ರ ಜಾಗದಲ್ಲಿ 42.

ಇಷ್ಟು ಗೊತ್ತಾದ ಮೇಲೆ ಎಲ್ಲವನ್ನೂ ಒಂದು ಟ್ರಾನ್ಸಾಕ್ಷನ್ (ಆದರೆ ಎಲ್ಲವೂ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು ಅನ್ನುವ ಕಟ್ಟು) ಒಳಗೆ ಹಾಕಿದೆ. ಟೆಸ್ಟ್‌ಗಳೆಲ್ಲ ಪಾಸಾದವು. ಮುಗೀತು ಅಂತ ರಿವ್ಯೂಗೆ ಕಳಿಸಿದರೆ ಹಿರಿಯ ಸಹೋದ್ಯೋಗಿಯೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಟ್ರಾನ್ಸಾಕ್ಷನ್ ಹಾಕಿದ್ದೀರಿ, ಸರಿ. ಓದಿದ ಮೇಲೆ ಆ ಸಾಲನ್ನ ಬೇರೆಯವರು ಮುಟ್ಟಬಾರದು ಅಂತ ಎಲ್ಲಿ ಹೇಳಿದ್ದೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. "ಎರಡು ವಿಂಡೋ ತೆಗೀರಿ, ನೀವೇ ನೋಡಿ" ಅಂದರು.

ಅಕ್ಕಪಕ್ಕ ಎರಡು ಟರ್ಮಿನಲ್ ತೆಗೆದೆ. ಎರಡರಲ್ಲೂ ಟ್ರಾನ್ಸಾಕ್ಷನ್ ಶುರು ಮಾಡಿದೆ. ಎಡಗಡೆ ಸೀಟು ಎಷ್ಟಿದೆ ಅಂತ ಸೆಲೆಕ್ಟ್ ಹೊಡೆದೆ, 1 ಬಂತು. ಬಲಗಡೆಯೂ 1 ಬಂತು. ಎಡಗಡೆ ಸೀಟನ್ನು 0 ಮಾಡುವ ಅಪ್‌ಡೇಟ್ ಕೊಟ್ಟೆ. ಬಲಗಡೆಯೂ ಅದನ್ನೇ ಕೊಟ್ಟೆ. ಬಲಗಡೆಯ ಕರ್ಸರ್ ಅಲ್ಲೇ ನಿಂತಿತು, ಏನೂ ಉತ್ತರವಿಲ್ಲ. ಎಡಗಡೆ ಕಮಿಟ್ ಮಾಡಿದ್ದೇ ತಡ (ಅಂದರೆ ಬದಲಾವಣೆಯನ್ನು ಕಾಯಂ ಮಾಡಿದ್ದೇ ತಡ), ಬಲಗಡೆ 'ಅಪ್‌ಡೇಟ್ 1' ಅಂತ ಬಂತು. ಒಂದು ಸಾಲು ಬದಲಾಯಿತು ಅಂತ ಅದರ ಅರ್ಥ. ಅಂದರೆ ಡೇಟಾಬೇಸ್ ಇಬ್ಬರನ್ನೂ ಸರದಿಯಲ್ಲೇ ಬಿಟ್ಟಿತ್ತು. ನಾನು 'ಸೊನ್ನೆ ಬರೆ' ಅಂದೆ, ಅದು ಎರಡು ಸಲವೂ ಸೊನ್ನೆ ಬರೆಯಿತು.

ಒಟ್ಟಿಗೆ ನಡೆಯುವ ಟ್ರಾನ್ಸಾಕ್ಷನ್‌ಗಳಲ್ಲಿ ಒಂದರ ಕೆಲಸ ಇನ್ನೊಂದಕ್ಕೆ ಎಷ್ಟು ಕಾಣಬೇಕು ಅನ್ನುವುದೇ ಐಸೊಲೇಶನ್ ಮಟ್ಟ. ಪೋಸ್ಟ್‌ಗ್ರೆಸ್ ತಾನಾಗಿ ಬಳಸುವ ಮಟ್ಟ ರೀಡ್ ಕಮಿಟೆಡ್. ಅದರಲ್ಲಿ ಹೀಗಾಗುವುದು ನಿಯಮದ ಪ್ರಕಾರವೇ. ಅದಕ್ಕಿಂತ ಬಿಗಿಯಾದ ರಿಪೀಟೆಬಲ್ ರೀಡ್ ಮಟ್ಟಕ್ಕೆ ಬದಲಾಯಿಸಿದರೆ ಎರಡನೆಯವರಿಗೆ 40001 ಅನ್ನುವ ಎರರ್ ಬರುತ್ತದೆ, ಇಡೀ ಟ್ರಾನ್ಸಾಕ್ಷನ್ನನ್ನು ನಾವೇ ಮತ್ತೆ ಓಡಿಸಬೇಕು. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ನ ಸ್ಟೋರೇಜ್ ಎಂಜಿನ್ ಇನ್ನೊಡಿಬಿಯಲ್ಲಿ ನಾವು ಹೇಳದಿದ್ದರೂ ರಿಪೀಟೆಬಲ್ ರೀಡ್ ಇರುತ್ತದೆ. ಆದರೆ ಸುಮ್ನೆ ಸೆಲೆಕ್ಟ್ ಮಾಡಿ ಆಮೇಲೆ ಅಪ್‌ಡೇಟ್ ಮಾಡಿದರೆ ಅದು ಎರರ್ ಕೊಡದೆ ಮೇಲೆಯೇ ಬರೆದುಬಿಡುತ್ತದೆ. ಒಂದೇ ಹೆಸರು, ನಡವಳಿಕೆ ಬೇರೆ. ಯಾವ ಡೇಟಾಬೇಸ್ ಬಳಸುತ್ತೀರೋ ಅದರದ್ದೇ ಕೈಪಿಡಿ ಓದಿ ಅಂತ ನಾನು ಹೊಸಬರಿಗೆ ಒತ್ತಿ ಹೇಳುವುದು ಇದಕ್ಕೇ.

ಪರಿಹಾರ ಒಂದು ಸಾಲಿನ ಕೋಡ್. ಲೆಕ್ಕ ಆ್ಯಪ್‌ನಲ್ಲಿ ಮಾಡುವುದು ಬಿಟ್ಟು ಡೇಟಾಬೇಸ್‌ಗೇ ಹೇಳಿದೆವು: ಈ ಕೋರ್ಸಿನ ಸೀಟು ಈಗ ಎಷ್ಟಿದೆಯೋ ಅದರಲ್ಲಿ ಒಂದು ಕಳೆ, ಆದರೆ ಸೀಟು ಸೊನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ. ಷರತ್ತು ಅದೇ ಅಪ್‌ಡೇಟ್‌ನ ವೇರ್ (WHERE) ಭಾಗದಲ್ಲಿರಬೇಕು. ಎರಡನೆಯವರು ಮೊದಲನೆಯವರು ಆ ಸಾಲಿನ ಮೇಲೆ ಹಿಡಿದ ಲಾಕ್‌ಗಾಗಿ ಕಾದು ಒಳಗೆ ಬಂದಾಗ ಪೋಸ್ಟ್‌ಗ್ರೆಸ್ ಸೀಟಿನ ಹೊಸ ಸಂಖ್ಯೆಯ ಮೇಲೆ ಆ ಷರತ್ತನ್ನು ಮತ್ತೆ ನೋಡುತ್ತದೆ. ಎರಡು ವಿಂಡೋದಲ್ಲಿ ಮತ್ತೆ ಮಾಡಿ ನೋಡಿದೆ. ಈ ಸಲ ಬಲಗಡೆ 'ಅಪ್‌ಡೇಟ್ 0'. ಎಷ್ಟು ಸಾಲು ಬದಲಾಯಿತು ಅನ್ನುವ ಈ ಸಂಖ್ಯೆಯನ್ನು ಅಷ್ಟು ದಿನ ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ಸೀಟು ಸಿಕ್ಕಿತೋ ಇಲ್ಲವೋ ಅಂತ ಹೇಳುವುದು ಅದೇ. ಸೊನ್ನೆ ಬಂದರೆ ರೋಲ್‌ಬ್ಯಾಕ್ ಮಾಡಿ (ಟ್ರಾನ್ಸಾಕ್ಷನ್ ಮಾಡಿದ್ದನ್ನೆಲ್ಲ ರದ್ದು ಮಾಡಿ) 'ಸೀಟು ತುಂಬಿದೆ' ಅಂತ ತೋರಿಸಬೇಕು.

ಇಷ್ಟಾದ ಮೇಲೂ ಒಂದು ತಪ್ಪು ಉಳಿದಿತ್ತು. ಖಚಿತ ಮಾಡುವ ಮೇಲನ್ನು ಟ್ರಾನ್ಸಾಕ್ಷನ್ ಒಳಗಿಂದಲೇ ಕಳಿಸುತ್ತಿದ್ದೆವು. ಕಮಿಟ್ ಆಗುವವರೆಗೆ ಆ ಸಾಲಿನ ಲಾಕ್ ಬಿಡುವುದಿಲ್ಲ. ಒಂದು ದಿನ ಮೇಲ್ ಸರ್ವರ್ ನಿಧಾನವಾಯಿತು, ಹಿಂದಿನವರೆಲ್ಲ ಆ ಒಂದು ಸಾಲಿಗೆ ಕಾದು ನಿಂತರು. ಡೇಟಾಬೇಸ್‌ಗೆ ಹೋಗುವ ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಂಡು ಹಂಚಿಕೊಡುವ ನಮ್ಮ ಕನೆಕ್ಷನ್ ಪೂಲ್ ಹಿಕಾರಿ, ಏನೂ ಬದಲಾಯಿಸದೆ ಬಿಟ್ಟರೆ ಅದರಲ್ಲಿ 10 ಕನೆಕ್ಷನ್. ಹತ್ತೂ ಸಿಕ್ಕಿಹಾಕಿಕೊಂಡ ಮೇಲೆ ನೋಂದಣಿಗೆ ಸಂಬಂಧವೇ ಇಲ್ಲದ ಪುಟಗಳೂ 30 ಸೆಕೆಂಡ್ ಕಾದು ಎರರ್ ಕೊಟ್ಟವು. ಮೇಲ್ ಕಳಿಸುವುದನ್ನು ಕಮಿಟ್ ಆದ ನಂತರಕ್ಕೆ ಹಾಕಿದೆವು.

ಇನ್ನು ಅಡ್ಮಿನ್ ಫಾರ್ಮ್. ಹೈಬರ್ನೇಟ್‌ಗೆ ಬೇರೆ ಏನೂ ಹೇಳದಿದ್ದರೆ ಅದು ಅಪ್‌ಡೇಟ್ ಮಾಡುವಾಗ ಎಲ್ಲ ಕಾಲಂಗಳನ್ನೂ ಬರೆಯುತ್ತದೆ. ಯಾರೋ ಕೋರ್ಸಿನ ವಿವರಣೆ ತಿದ್ದಲು ಪುಟ ತೆರೆದು ಅರ್ಧ ಗಂಟೆ ಬಿಟ್ಟು ಸೇವ್ ಒತ್ತಿದರೆ, ಅರ್ಧ ಗಂಟೆ ಹಳೆಯ ಸೀಟಿನ ಲೆಕ್ಕವೂ ಜೊತೆಗೆ ವಾಪಸ್ ಹೋಗುತ್ತದೆ. ಆ ಕಾಲಂ ಅನ್ನು ಫಾರ್ಮ್‌ನ ಸೇವ್ ಮುಟ್ಟದ ಹಾಗೆ ಮಾಡಿದೆವು. ಇಬ್ಬರು ಅಡ್ಮಿನ್‌ಗಳು ಒಬ್ಬರ ಬದಲಾವಣೆಯನ್ನು ಒಬ್ಬರು ಅಳಿಸಬಾರದು ಅಂತ ವರ್ಶನ್ ಕಾಲಂ ಸೇರಿಸಿದೆವು. ನಾನು ಓದಿದ ವರ್ಶನ್ 12, ಈಗಲೂ 12 ಇದ್ದರೆ ಮಾತ್ರ ಬರೆದು 13 ಮಾಡು. ಇಲ್ಲಿಯೂ ಕೊನೆಗೆ ನೋಡುವುದು ಅದೇ ಸಂಖ್ಯೆಯನ್ನೇ, ಒಂದೋ ಸೊನ್ನೆಯೋ.

ನನ್ನ ಹಳೆಯ ಟೆಸ್ಟ್‌ಗಳಲ್ಲಿ ಒಂದು ಸಲಕ್ಕೆ ಒಬ್ಬರೇ ಬರುತ್ತಿದ್ದರು. ಈಗಿನ ಟೆಸ್ಟ್ ಒಂದೇ ಸೀಟಿರುವ ಕೋರ್ಸಿಗೆ 50 ರಿಕ್ವೆಸ್ಟ್‌ಗಳನ್ನು ಒಟ್ಟಿಗೆ ಬಿಡುತ್ತದೆ. 1 ಖಚಿತ, 49 'ತುಂಬಿದೆ', ನೋಂದಣಿ ಟೇಬಲ್‌ನಲ್ಲಿ ಒಂದೇ ಸಾಲು. ಇದು ಪಾಸಾಗದೆ ಏನನ್ನೂ ಲೈವ್ ಮಾಡುವುದಿಲ್ಲ.