ಪುಟದಲ್ಲಿಲ್ಲದ ಎಂಟು ಹೆಜ್ಜೆ

ಈ ಮಂಗಳವಾರ ಸಂಜೆ ಉತ್ತರ ಲಂಡನ್ನಿನ ಒಂದು ಚರ್ಚಿನ ಸಭಾಂಗಣದಲ್ಲಿ ನಡೆದ ಹಳೆಯ ಇಂಗ್ಲಿಷ್ ಜನಪದ ನೃತ್ಯಕೂಟದಲ್ಲಿ, ಎಪ್ಪತ್ತು ದಾಟಿದ ಮಹಿಳೆಯೊಬ್ಬರ ಒಂದು ನಡೆಯನ್ನು ನೋಡಿ ಕಾಲೇಜು ವಯಸ್ಸಿನ ಯುವಕನೊಬ್ಬ, ಇಂಥ ನೃತ್ಯಗಳನ್ನು ಹಳೆಯ ಪುಟಗಳಿಂದ ಮತ್ತೆ ಕಟ್ಟಿದವರ ಹೆಸರೆತ್ತಿ, “ನೀವು ಮಾಡುತ್ತಿರುವುದು ತಪ್ಪು, ಅದು ಸೆಸಿಲ್ ಶಾರ್ಪ್ ಕಲ್ಪಿಸಿಕೊಂಡದ್ದು” ಎಂದ. ಅವರು ಅವನ ಕಡೆ ತಿರುಗಿ, “ಇರಬಹುದು. ನನಗೆ ಇದನ್ನು ಕಲಿಸಿದವರು ನನ್ನ ತಾಯಿ” ಎಂದರು. ಪಿಟೀಲು ಮತ್ತೆ ಶುರುವಾಯಿತು, ಕುಣಿತ ಮುಂದುವರಿಯಿತು. ಆ ಎರಡು ಮಾತುಗಳು ಮಾತ್ರ ವಾರವಿಡೀ ನನ್ನನ್ನು ಬಿಟ್ಟಿಲ್ಲ.

ಅಂದು ನಾವು ಕುಣಿಯುತ್ತಿದ್ದದ್ದು ‘ಗ್ಯಾದರಿಂಗ್ ಪೀಸ್‌ಕಾಡ್ಸ್’. ಜೋಡಿಗಳು ವೃತ್ತವಾಗಿ ನಿಂತು ಆಡುವ ಈ ನೃತ್ಯ, ಜಾನ್ ಪ್ಲೇಫರ್ಡ್ 1651ರಲ್ಲಿ ಲಂಡನ್ನಿನಲ್ಲಿ ಹೊರತಂದ ‘ದಿ ಇಂಗ್ಲಿಷ್ ಡ್ಯಾನ್ಸಿಂಗ್ ಮಾಸ್ಟರ್’ ಪುಸ್ತಕದ ನೂರಕ್ಕೂ ಹೆಚ್ಚು ನೃತ್ಯಗಳಲ್ಲಿ ಒಂದು. ಪುಟದಲ್ಲಿರುವುದು ರಾಗದ ಸ್ವರಲಿಪಿ ಮತ್ತು ಕೆಲವೇ ಸಾಲುಗಳ ಸೂಚನೆ. ಗಂಡಸರು ಕೈಹಿಡಿದು ಒಳಸುತ್ತು ಹಾಕುವುದು, ಆಮೇಲೆ ಹೆಂಗಸರು ಹಾಗೆಯೇ ಮಾಡುವುದು, ನಡುವಿಗೆ ಬಂದು ಚಪ್ಪಾಳೆ ತಟ್ಟುವುದು, ಇವು ಓದಿದೊಡನೆ ಅರ್ಥವಾಗುತ್ತವೆ. ತೊಡಕಿರುವುದು ‘ಸೈಡ್ಸ್ ಆಲ್’ ಎಂಬಲ್ಲಿ, ಅಂದರೆ ಜೋಡಿಯ ಇಬ್ಬರೂ ಒಬ್ಬರ ಬದಿಗೊಬ್ಬರು ಹೋಗಿ ಬರುವ ‘ಸೈಡಿಂಗ್’ ಎಂಬ ನಡೆಯಲ್ಲಿ. ‘ಡಬಲ್’ ಎಂದರೆ ನಾಲ್ಕು ಹೆಜ್ಜೆ, ‘ಸಿಂಗಲ್’ ಎಂದರೆ ಎರಡು ಹೆಜ್ಜೆ ಎಂದು ವಿವರಿಸಿದ ಪ್ಲೇಫರ್ಡ್, ಸೈಡಿಂಗ್ ಹೇಗೆ ಮಾಡಬೇಕೆಂದು ಹೇಳಲೇ ಇಲ್ಲ. ಕೊಂಡವರಿಗೆ ಅದು ಮೊದಲೇ ಗೊತ್ತಿದ್ದಿರಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಪುಟಗಳನ್ನು ಮತ್ತೆ ನೆಲಕ್ಕಿಳಿಸಲು ಹೊರಟ ಸೆಸಿಲ್ ಶಾರ್ಪ್ ಅವರಿಗೆ ಕೇಳಿ ತಿಳಿಯಲು ಯಾರೂ ಇರಲಿಲ್ಲ. ಇದ್ದದ್ದು ರಾಗದ ಅಳತೆ ಮಾತ್ರ. ಎಂಟು ಹೆಜ್ಜೆಗಳ ಕಾಲವನ್ನು ತುಂಬಬೇಕಿತ್ತು. ಅವರು ಜೋಡಿಗಳನ್ನು ಬಾಗಿದ ದಾರಿಯಲ್ಲಿ ಒಬ್ಬರನ್ನೊಬ್ಬರು ದಾಟಿಸಿ, ನಾಲ್ಕು ಹೆಜ್ಜೆಗಳಲ್ಲಿ ಆಚೆ ಬದಿಗೆ ಕಳಿಸಿ, ತಿರುಗಿಸಿ, ಮತ್ತೆ ನಾಲ್ಕು ಹೆಜ್ಜೆಗಳಲ್ಲಿ ಸ್ವಸ್ಥಾನಕ್ಕೆ ಕರೆತಂದರು. 1911ರಲ್ಲಿ ಅವರು ಸ್ಥಾಪಿಸಿದ ಇಂಗ್ಲಿಷ್ ಫೋಕ್ ಡ್ಯಾನ್ಸ್ ಸೊಸೈಟಿಯ ಮೂಲಕ ಈ ಬಾಗುನಡೆ ಊರೂರಿನ ತರಗತಿಗಳಿಗೆ ಹಬ್ಬಿತು. ಮುಂದೆ ಇಂಥ ನೃತ್ಯಗಳ ಸಂಶೋಧಕ ಪ್ಯಾಟ್ ಶಾ ಅವರು ಅದೇ ಪುಟಗಳನ್ನು ಹೊಸದಾಗಿ ಓದಿ, ನೇರವಾಗಿ ಮುಂದೆ ಬಂದು ಭುಜಕ್ಕೆ ಭುಜ ಸಮನಾಗಿ ನಿಂತು ಹಿಂದೆ ಸರಿಯುವುದೇ ಸರಿಯೆಂದರು. ಎರಡೂ ಎಂಟು ಹೆಜ್ಜೆಗಳಲ್ಲಿ ಮುಗಿಯುತ್ತವೆ. ಎರಡಕ್ಕೂ ರಾಗ ಒಪ್ಪುತ್ತದೆ.

ನನ್ನನ್ನು ಕೇಳಿದರೆ ಶಾ ಅವರ ಊಹೆಯೇ ಹೆಚ್ಚು ಬಲವಾದದ್ದು. ಇದೇ ನೃತ್ಯದ ಮೂರನೆಯ ಭಾಗದಲ್ಲಿ ಜೋಡಿಗಳು ಮೊದಲು ಬಲತೋಳು, ಆಮೇಲೆ ಎಡತೋಳು ಕೂಡಿಸಿ ಸುತ್ತುತ್ತಾರೆ. ಅದಕ್ಕೆ ಮುಂಚೆ ಬಲಭುಜದ ಕಡೆಗೊಮ್ಮೆ, ಎಡಭುಜದ ಕಡೆಗೊಮ್ಮೆ ಹೋಗಿ ಬರುವುದು ಸಹಜವಾಗಿ ಹೊಂದುತ್ತದೆ. ಆದರೂ ಅದು ಊಹೆಯೇ. ಆ ಯುವಕ ಬುದ್ಧಿವಂತ, ಓದಿಕೊಂಡವನು, ಶಾರ್ಪ್ ಬಗ್ಗೆ ಅವನು ಹೇಳಿದ್ದರಲ್ಲಿ ಹುರುಳಿದೆ. ಆದರೆ ಬಾಗುನಡೆ ಪುಟದಲ್ಲಿಲ್ಲ ಎಂದವನು, ತನ್ನ ನೇರನಡೆಯೂ ಅಲ್ಲಿ ಬರೆದಿಲ್ಲ ಎಂಬುದನ್ನು ಹೇಳಲಿಲ್ಲ. ಅದು ನನಗೆ ನೋವು ತಂದಿತು.

ಅಂದು ರಾತ್ರಿ ಇನ್ನಷ್ಟು ನೃತ್ಯಗಳಾದವು. ಹಿಂದೆ ಉದ್ದ ಸಾಲಿನ ನೃತ್ಯಗಳಲ್ಲಿ ಮೇಲಿನ ಜೋಡಿ ಮೊದಲು ಆರಂಭಿಸಿ, ಉಳಿದವರು ತಮ್ಮ ಸರದಿ ಬರುವವರೆಗೆ ಕಾದು ನಿಲ್ಲುತ್ತಿದ್ದರು. ನಾವು ಎಲ್ಲರೂ ಒಟ್ಟಿಗೇ ಆರಂಭಿಸಿದೆವು. ಮೂರು ಜೋಡಿಗಳ ಗುಂಪುಗಳಾಗಿ ಉದ್ದಕ್ಕೂ ಸಾಗಬೇಕಾದ ನೃತ್ಯವನ್ನು, ಮೂರನೆಯ ಜೋಡಿಗೆ ಕೆಲಸವೇ ಇಲ್ಲವೆಂದು, ಮೂರೇ ಜೋಡಿಗಳ ಪ್ರತ್ಯೇಕ ಗುಂಪಿಗೆ ಹೊಂದಿಸಿ ಕುಣಿದೆವು. ಗಂಡಿನ ಸ್ಥಾನದಲ್ಲಿ ಹೆಂಗಸರೂ ಹೆಣ್ಣಿನ ಸ್ಥಾನದಲ್ಲಿ ಗಂಡಸರೂ ನಿಂತರು, ಅದು ಒಳ್ಳೆಯದೇ ಆಯಿತು. ಇವುಗಳಲ್ಲಿ ಯಾವುದಕ್ಕೂ ಆ ಯುವಕ ತಕರಾರು ತೆಗೆಯಲಿಲ್ಲ. ಇಂದಿನವರು ಸಂತೋಷದಿಂದ ಕುಣಿಯಲೆಂದು ಇಷ್ಟೆಲ್ಲ ಬದಲಾಯಿಸುವ ನಾವು, ಒಬ್ಬ ಹಿರಿಯರ ಎಂಟು ಹೆಜ್ಜೆಗಳ ಮುಂದೆ ಮಾತ್ರ ಮೂಲಪುಟವನ್ನು ಎತ್ತಿ ಹಿಡಿಯುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

ಆ ಮಹಿಳೆಯ ಉತ್ತರವನ್ನು ನೆನೆದಷ್ಟೂ ಅದರ ತೂಕ ಹೆಚ್ಚುತ್ತಿದೆ. 1651ರ ಪುಟದ ಮುಂದೆ ತಲೆಕೆಡಿಸಿಕೊಳ್ಳುವ ಪ್ರತಿಯೊಬ್ಬರೂ ಹುಡುಕುವುದು, ‘ಇದನ್ನು ನನಗೆ ನನ್ನ ತಾಯಿ ಕಲಿಸಿದರು’ ಎನ್ನಬಲ್ಲ ಒಬ್ಬ ವ್ಯಕ್ತಿಯನ್ನೇ. ಅಂಥವರು ಸಿಗದ ಕಾರಣಕ್ಕೇ ಈ ಪುನಾರಚನೆಯ ಕೆಲಸವೆಲ್ಲ. ಶಾರ್ಪ್ ಅವರ ಬಾಗುನಡೆ ಹದಿನೇಳನೆಯ ಶತಮಾನದ್ದಾಗಿರದಿರಬಹುದು, ಆದರೆ ನೂರು ವರ್ಷಕ್ಕೂ ಮೀರಿ ಮನುಷ್ಯರಿಂದ ಮನುಷ್ಯರಿಗೆ ದಾಟಿ ಬಂದ ಅದಕ್ಕೆ ಈಗ ತನ್ನದೇ ಚರಿತ್ರೆಯಿದೆ. ಆ ಚರಿತ್ರೆಯನ್ನು ಮೈಯಲ್ಲಿ ಹೊತ್ತವರು ಎದುರಿಗೇ ನಿಂತಿದ್ದಾಗ ಅವರನ್ನು ಏನೂ ಕೇಳದೆ ತಿದ್ದಲು ಹೊರಟೆವು. ನೃತ್ಯ ಕಲಿಸುತ್ತಿದ್ದ ಕಾಲರ್ ಸಜ್ಜನರು, ತಾಳ್ಮೆಯವರು. ಅವರು ಆ ಕ್ಷಣ ಸುಮ್ಮನಿದ್ದುಬಿಟ್ಟದ್ದು ನನಗೆ ಸರಿಕಾಣಲಿಲ್ಲ. ಯಾವುದು ಪುಟದಿಂದ ಬಂದದ್ದು, ಯಾವುದು ಶಾರ್ಪ್ ಅವರದು, ಯಾವುದು ಶಾ ಅವರದು, ಯಾವುದು ತಾವೇ ಸೇರಿಸಿದ್ದು ಎಂದು ಹೇಳಿ ಕಲಿಸುವ ಹೊಣೆ ಅವರದೇ ಆಗಿತ್ತು.

ನಿನ್ನೆ ಆ ಕಾಲರ್‌ಗೆ ಪತ್ರ ಬರೆದಿದ್ದೇನೆ. ಮುಂದಿನ ಸಲ ಪೀಸ್‌ಕಾಡ್ಸ್ ಕುಣಿಯುವಾಗ ಮೊದಲ ಸುತ್ತಿನ ಸೈಡಿಂಗನ್ನು ಆ ಮಹಿಳೆಯೇ ಕಲಿಸಲಿ, ಎರಡನೆಯ ಸುತ್ತಿನದನ್ನು ಆ ಯುವಕ ಕಲಿಸಲಿ ಎಂದು ಕೇಳಿಕೊಂಡಿದ್ದೇನೆ. ಬಾಗುವಾಗ ಕಣ್ಣು ಯಾರ ಮೇಲಿರಬೇಕು, ಭುಜ ಎಷ್ಟು ತಿರುಗಬೇಕು ಎಂದು ಆ ಮಹಿಳೆಯ ತಾಯಿ ಹೇಳುತ್ತಿದ್ದುದನ್ನೆಲ್ಲ, ಆ ಮಹಿಳೆ ಒಪ್ಪಿದರೆ ನಾನೇ ಬರೆದುಕೊಳ್ಳುತ್ತೇನೆ ಎಂದೂ ಸೇರಿಸಿದ್ದೇನೆ.