ಮಿಯಾಟಾಗೆ ರಾಡಾರ್ ಡಿಟೆಕ್ಟರ್: ಇಲ್ಲಿವರೆಗಿನ ಕೆಲಸ

ಮೊದಲ ವಾರ

ಕಾರು 2019ರ ಮಾಜ್ದಾ ಮಿಯಾಟಾ. ಎರಡು ಸೀಟು, ಬಟ್ಟೆಯ ಟಾಪು, ಆರು ಗೇರು. ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ರಾಡಾರ್ ಡಿಟೆಕ್ಟರ್ ಅಂದರೆ ವೇಗ ಅಳೆಯುವ ಪೊಲೀಸ್ ರಾಡಾರನ್ನು ದೂರದಿಂದಲೇ ಹಿಡಿದು ಎಚ್ಚರಿಸುವ ಸಾಧನ. ಸ್ವಂತ ಕಾರಿನಲ್ಲಿ ಅದನ್ನು ಇಟ್ಟುಕೊಳ್ಳಲು ಇಲ್ಲಿ ಕಾನೂನಿನ ಅಡ್ಡಿಯಿಲ್ಲ.

ಊರೊಳಗೆ ವೇಜ್ ಸಾಕು, ಪೊಲೀಸ್ ಎಲ್ಲಿದ್ದಾರೆ ಅಂತ ಹೇಳುವ ಫೋನಿನ ಮ್ಯಾಪ್ ಆ್ಯಪ್ ಅದು. ಆದರೆ ನಾನು ಈ ಕಾರು ತಗೊಂಡಿದ್ದೇ ಗುಡ್ಡದ ರಸ್ತೆಗಳಿಗೆ. ಟೇಲ್ ಆಫ್ ದಿ ಡ್ರ್ಯಾಗನ್ ಅನ್ನುವ ಗುಡ್ಡದ ರಸ್ತೆಯಲ್ಲಿ 11 ಮೈಲಿಗೆ 318 ತಿರುವು. ಆ ಕಡೆ ಫೋನಿಗೆ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ಹೋದ ವರ್ಷ ಗುಡ್ಡ ಇಳಿದು ಬರುವಾಗ, ಸ್ಪೀಡ್ ಲಿಮಿಟ್ ಗಂಟೆಗೆ 55 ಮೈಲಿಯಿಂದ 35ಕ್ಕೆ ಇಳಿಯುವ ಬೋರ್ಡ್ ಕಣ್ಣಿಗೆ ಬೀಳಲಿಲ್ಲ. ಟಿಕೆಟ್ ಬಂತು. ತಪ್ಪು ನನ್ನದೇ. ಕಣ್ಣು ರಸ್ತೆ ಮೇಲಿರುವಾಗ ಎಚ್ಚರಿಸೋಕೆ ಇನ್ನೊಂದು ಕಿವಿ ಇದ್ದರೆ ಒಳ್ಳೆಯದು ಅನ್ನಿಸಿತು.

ಎರಡನೇ ವಾರ: ಯಾವುದು?

ಕೊನೆಗೆ ಉಳಿದಿದ್ದು ಎರಡು. ಯೂನಿಡೆನ್ ಆರ್8, ವ್ಯಾಲೆಂಟೈನ್ ಒನ್ ಜೆನ್2. ಎರಡರಲ್ಲೂ ಸಿಗ್ನಲ್ ಎತ್ತ ಕಡೆಯಿಂದ ಬರುತ್ತಿದೆ ಅಂತ ತೋರಿಸುವ ಬಾಣಗಳಿವೆ. ಬಾಣ ಇಲ್ಲದ್ದನ್ನು ಮೊದಲೇ ಬಿಟ್ಟೆ. ಬರೀ ಬೀಪ್ ಅಂದರೆ ಪೊಲೀಸ್ ಮುಂದಿದ್ದಾರೋ, ದಾಟಿ ಬಂದಾಯಿತೋ ಗೊತ್ತಾಗಲ್ಲ ಅಲ್ವಾ?

ಆರ್8ನಲ್ಲಿ ಜಿಪಿಎಸ್ ಒಳಗೇ ಇದೆ. ದಿನಾ ಸುಮ್ನೆ ಕೂಗುವ ಜಾಗಗಳನ್ನು ನೆನಪಿಟ್ಟುಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ವ್ಯಾಲೆಂಟೈನ್‌ಗೆ ಆ ಕೆಲಸಕ್ಕೆ ಫೋನಿನ ಆ್ಯಪ್ ಬೇಕು. ಮಾಮೂಲಿ ಕಾರಾಗಿದ್ದರೆ ಕಣ್ಣು ಮುಚ್ಚಿ ಆರ್8 ತಗೊಳ್ತಿದ್ದೆ. ಆದರೆ ಟಾಪು ತೆಗೆದಾಗ ಬಿಸಿಲಿಗೆ ಸ್ಕ್ರೀನ್ ಮಂಕಾಗುತ್ತದೆ. ವ್ಯಾಲೆಂಟೈನ್‌ನ ದಪ್ಪ ಕೆಂಪು ಬಾಣಗಳು ಓರೆಗಣ್ಣಿಗೂ ಕಾಣುತ್ತವೆ. ಸೈಜೂ ಚಿಕ್ಕದು. ಬಾಣಗಳಿಗೆ ಹೆಸರಾದ ಹಳೇ ಕಂಪನಿಯದ್ದೇ ಇರಲಿ ಅನ್ನುವ ಆಸೆಯೂ ಇತ್ತು. ಮೈಕ್ ವ್ಯಾಲೆಂಟೈನ್ 1992ರಲ್ಲಿ ತಂದ ಮೊದಲ ವ್ಯಾಲೆಂಟೈನ್ ಒನ್‌ನಲ್ಲೇ ಈ ಬಾಣಗಳಿದ್ದವು. ಜೆನ್2 ಬಂದಿದ್ದು 2020ರಲ್ಲಿ. ಅದನ್ನೇ ತಗೊಂಡೆ.

ಮೂರನೇ ವಾರ: ರಟ್ಟು, ಟೇಪು

ಪೆಟ್ಟಿಗೆ ಬರುವ ಮುಂಚೆಯೇ ಡಿಟೆಕ್ಟರ್ ಅಳತೆಗೆ ರಟ್ಟು ಕತ್ತರಿಸಿ, ಕಾರೊಳಗಿನ ರಿಯರ್‌ವ್ಯೂ ಕನ್ನಡಿಯ ಮೇಲ್ಗಡೆ ಟೇಪ್ ಹಾಕಿ ಅಂಟಿಸಿದೆ. ಎತ್ತರದಲ್ಲಿದ್ದರೆ ವೈಪರ್, ಬಾನೆಟ್ ಅಡ್ಡ ಬರಲ್ಲ, ಹಿಂದಿನ ಗಾಜಿನಾಚೆಗೂ ನೋಟ ಸಿಗುತ್ತದೆ. ಆಮೇಲೆ ಟಾಪು ತೆಗೆಯಲು ಹೋದೆ. ಅದರ ಚಿಲಕ ಇರೋದು ಸರಿಯಾಗಿ ಕನ್ನಡಿಯ ಮೇಲೆ, ನಟ್ಟನಡುವೆ. ಹಿಡಿ ಕೆಳಗೆ ಎಳೆದರೆ ಬೆರಳ ಗೆಣ್ಣು ರಟ್ಟಿಗೆ ತಾಗಿತು. ರಟ್ಟನ್ನು ಕನ್ನಡಿಯ ಎಡಕ್ಕೆ ಸರಿಸಿದೆ, ಎರಡು ಬೆರಳಷ್ಟು ಕೆಳಗೆ. ಈಗ ಕೈಯೂ ಆಡುತ್ತದೆ, ಸನ್ ವೈಸರೂ ಮಡಚುತ್ತದೆ. ನಿಮ್ಮದೂ ಬಟ್ಟೆ ಟಾಪಿನ ಕಾರಾದರೆ ದಯವಿಟ್ಟು ಮೊದಲು ರಟ್ಟಿನಲ್ಲೇ ನೋಡಿ.

ಮೊದಲು ಸಕ್ಷನ್ ಕಪ್ ಹಾಕಿದೆ. ನಾಲ್ಕನೇ ದಿನ ಬಿಸಿಲಿನಲ್ಲಿ ನಿಂತಿದ್ದ ಕಾರಿನಲ್ಲಿ ಕಳಚಿಕೊಂಡು ಗೇರ್ ಹತ್ತಿರ ಬಿದ್ದಿತ್ತು. ಡಿಟೆಕ್ಟರ್‌ಗೆ ಏನೂ ಆಗಿರಲಿಲ್ಲ. ಓಡಿಸುವಾಗ ಬಿದ್ದಿದ್ದರೆ ಪೆಡಲ್ ಕೆಳಗೆ ಸೇರುತ್ತಿತ್ತು, ಅದು ಯೋಚಿಸಿದರೇ ಭಯ. ಈಗ ಕನ್ನಡಿ ಹಿಡಿದಿರುವ ಕಂಬಿಗೇ ಕ್ಲ್ಯಾಂಪ್ ಕಚ್ಚಿಸಿದ್ದೇನೆ.

ನಾಲ್ಕನೇ ವಾರ: ಕರೆಂಟು

ಸಿಗರೇಟ್ ಲೈಟರ್ ಸಾಕೆಟ್‌ನಿಂದ ವೈರ್ ಜೋತಾಡೋದು ನನಗೆ ಇಷ್ಟವಿಲ್ಲ. ನನ್ನ ಕನ್ನಡಿ ರಾತ್ರಿ ತಾನೇ ಮಬ್ಬಾಗುವಂಥದ್ದು, ಹಾಗಾಗಿ ಅಲ್ಲಿಗೆ ಕರೆಂಟು ಬಂದೇ ಬರುತ್ತದೆ. ಕನ್ನಡಿ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಡಿಸಿ, ಮಲ್ಟಿಮೀಟರ್ ಹಿಡಿದು ಒಂದೊಂದೇ ವೈರ್ ನೋಡಿದೆ. ಇಗ್ನಿಷನ್ ಆನ್ ಮಾಡಿದಾಗ 12.3 ವೋಲ್ಟ್, ಆಫ್ ಮಾಡಿದಾಗ ಸೊನ್ನೆ. ಅದೇ ನಮಗೆ ಬೇಕಾದ್ದು. ಆಫ್ ಮಾಡಿದ ಮೇಲೂ 12 ತೋರಿಸುವ ವೈರ್ ಹಿಡಿದರೆ ಬ್ಯಾಟರಿ ಖಾಲಿಯಾಗುತ್ತದೆ. ಬೇರೆಯವರ ವಿಡಿಯೋ ನೋಡಿ ಬಣ್ಣ ನಂಬಬೇಡಿ, ನಿಮ್ಮ ಕಾರಿನಲ್ಲೇ ಅಳೆಯಿರಿ. ನಡುವೆ ಒಂದು ಚಿಕ್ಕ ಫ್ಯೂಸ್ ಹಾಕಿದೆ. ಇನ್ನೊಂದು ತುದಿ ಹಳೇ ಲ್ಯಾಂಡ್‌ಲೈನ್ ಫೋನಿನಂಥ ಪಿನ್ನು, ಟಕ್ ಅಂತ ಕೂತಿತು.

ಐದನೇ ವಾರ: ಸುಮ್ಮನಾಗಿಸುವುದು

ಕೂರಿಸಿದ್ದಕ್ಕಿಂತ ಇದಕ್ಕೇ ಜಾಸ್ತಿ ಸಮಯ ಹೋಯಿತು. ಪೊಲೀಸ್ ರಾಡಾರ್ ಕೆಲವು ಫ್ರೀಕ್ವೆನ್ಸಿ ಪಟ್ಟಿಗಳಲ್ಲಿ, ಅಂದರೆ ಬ್ಯಾಂಡ್‌ಗಳಲ್ಲಿ, ಕೆಲಸ ಮಾಡುತ್ತದೆ. ಅದರಲ್ಲಿ ಕೆ ಬ್ಯಾಂಡ್ 24 ಗಿಗಾಹರ್ಟ್ಸ್ ಆಸುಪಾಸು. ಪಕ್ಕದ ಕಾರುಗಳ ಬ್ಲೈಂಡ್ ಸ್ಪಾಟ್ ಸೆನ್ಸರ್‌ಗಳಲ್ಲಿ ಎಷ್ಟೋ ಅದೇ ಫ್ರೀಕ್ವೆನ್ಸಿಯಲ್ಲಿವೆ. ದೊಡ್ಡ ಎಸ್‌ಯುವಿಗಳ ನಡುವೆ ಸಿಕ್ಕಿಕೊಂಡರೆ ಡಿಟೆಕ್ಟರ್ ಬಾಯಿ ಮುಚ್ಚಲ್ಲ. ಅಂಗಡಿಗಳ ಆಟೋಮ್ಯಾಟಿಕ್ ಬಾಗಿಲುಗಳೂ ಹಾಗೇ. ಇಂಥ ಸುಳ್ಳು ಕೂಗನ್ನು ಸೋಸುವ ಕೆ-ವೆರಿಫೈಯರ್ ಸೆಟ್ಟಿಂಗ್ ಆನ್ ಮಾಡಿದೆ, ದಿನಾ ಹೋಗುವ ದಾರಿಯ ಬಾಗಿಲುಗಳನ್ನು ಆ್ಯಪ್‌ನಲ್ಲಿ ಮ್ಯೂಟ್ ಮಾಡಿದೆ. ಪೊಲೀಸ್ ರಾಡಾರಿನ ಇನ್ನೊಂದು ಬ್ಯಾಂಡ್ ಆದ ಕೆಎ ಬ್ಯಾಂಡನ್ನು ಮಾತ್ರ ಮುಟ್ಟಲಿಲ್ಲ. 33.8, 34.7, 35.5 ಗಿಗಾಹರ್ಟ್ಸ್ ಹತ್ತಿರ ಏನಾದರೂ ಕಂಡರೆ ಅದು ಹೆಚ್ಚುಕಮ್ಮಿ ಪೊಲೀಸೇ.

ಆರನೇ ವಾರ

ಅಕ್ಕನ ಮನೆ ರಿಚ್ಮಂಡ್‌ನಲ್ಲಿ. ವರ್ಜೀನಿಯಾದಲ್ಲಿ ಡಿಟೆಕ್ಟರ್ ಬಳಸುವ ಹಾಗಿಲ್ಲ. ಪೊಲೀಸರ ಹತ್ತಿರ ಡಿಟೆಕ್ಟರನ್ನೇ ಪತ್ತೆ ಹಚ್ಚುವ ಯಂತ್ರಗಳೂ ಇವೆ. ಡಿಟೆಕ್ಟರ್ ಒಳಗೆ ಅಲೆ ಹುಟ್ಟಿಸುವ ಆಸಿಲೇಟರ್‌ನಿಂದ ಸೋರುವ ಸಿಗ್ನಲ್ಲನ್ನು ಅವು ಹಿಡಿಯುತ್ತವೆ. ಹಾಗಾಗಿ ಗಡಿಗೆ ಮುಂಚೆ ಪೆಟ್ರೋಲ್ ಹಾಕಿಸಿದ ಕಡೆ ಪಿನ್ ಕಿತ್ತು, ಡಿಟೆಕ್ಟರನ್ನು ಡಿಕ್ಕಿಗೆ ಹಾಕಿದೆ. ಬರುವಾಗ ಗಡಿ ದಾಟಿದ ಮೇಲೆ ಮತ್ತೆ ಕೂರಿಸಿದೆ. ಕ್ಲ್ಯಾಂಪ್ ಇರೋದರಿಂದ ಅರ್ಧ ನಿಮಿಷದ ಕೆಲಸ.

ಮನೆ ಇನ್ನು ಅರ್ಧ ಗಂಟೆ ಇರುವಾಗ ಮೊದಲ ನಿಜವಾದ ಕೆಎ ಸಿಕ್ಕಿತು. ಮುಂದಿನ ಬಾಣ ಹೊತ್ತಿಕೊಂಡಿತು, ಆ್ಯಪ್‌ನಲ್ಲಿ 34.7. ಕಾಲು ತೆಗೆದೆ. ಏರು ದಾಟಿ, ಒಂದು ಸೇತುವೆ ಕಂಬದ ಹಿಂದೆ ಪೊಲೀಸ್ ಕಾರು ಕಂಡಿತು. ಅದರ ಪಕ್ಕಕ್ಕೆ ಬಂದಾಗ ಪಕ್ಕದ ಬಾಣ, ದಾಟಿದ ಮೇಲೆ ಹಿಂದಿನದು, ಆಮೇಲೆ ಕತ್ತಲು. ಮೂರು ಬಾಣಗಳೂ ಸರಿಯಾದ ಹೊತ್ತಿಗೆ ಬೆಳಗಿದ್ದು ನೋಡಿ ತುಂಬಾ ಖುಷಿಯಾಯಿತು.

ಇನ್ನು ಉಳಿದಿರೋದು ಕನ್ನಡಿ ಹಿಂದೆ ಕಾಣುವ ಎರಡು ಇಂಚು ವೈರ್. ಅದಕ್ಕೆ ಕಪ್ಪು ಬಟ್ಟೆ ಟೇಪ್ ಸುತ್ತಬೇಕು. ಅಕ್ಟೋಬರ್‌ನಲ್ಲಿ ಎಲೆ ಬಣ್ಣ ತಿರುಗುವ ಮುಂಚೆ ಮುಗಿಸಿ, ಡ್ರ್ಯಾಗನ್‌ಗೆ ಹೊರಡುತ್ತೇನೆ.